ಭಯದ ಪಟ್ಟಿ ಬೇರೆ, ಅಪಾಯದ ಪಟ್ಟಿ ಬೇರೆ

ಸೊಳ್ಳೆಮರಿ ಹುಡುಕುವುದು ನನ್ನ ನೌಕರಿಯಾಗಿತ್ತು. ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಯಾಗಿ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ವರ್ಗವಾದ ಕಡೆಯೆಲ್ಲ ಟಾರ್ಚು, ರಿಜಿಸ್ಟರು ಹಿಡಿದು ಮನೆಮನೆ ಸುತ್ತಿದ್ದೇನೆ. ನೆಂಟರಿಗೆ ನಡುಮನೆ ತೋರಿಸುವ ಜನ ನಮಗೆ ಬಚ್ಚಲು, ಹಿತ್ತಲು, ಅಟ್ಟ, ಕೊಟ್ಟಿಗೆಗಳನ್ನೂ ತೋರಿಸಬೇಕಾಗುತ್ತದೆ. ಹೀಗಾಗಿ ಪಾವಗಡದ ಚಪ್ಪಡಿ ಕಲ್ಲಿನ ಮನೆ, ಶಿರಾ ಕಡೆಯ ಮಣ್ಣಿನ ಮಾಳಿಗೆ, ಕೊರಟಗೆರೆಯ ತೋಟದೊಳಗಿನ ಹೆಂಚಿನ ಮನೆ, ಮಧುಗಿರಿಯ ಹೊಸ ಬಡಾವಣೆಯ ಆರ್‌ಸಿಸಿ ಮನೆ, ಎಲ್ಲದರ ಮೂಲೆಗಳೂ ಪರಿಚಯವಾದವು. ಮನುಷ್ಯರ ಜೊತೆ ಅಲ್ಲಿ ವಾಸವಿದ್ದ ಇತರರೂ ಪರಿಚಯವಾದರು. ಹಾಗೆ ಕಲಿತ ಪಾಠಗಳು ಇವು.

1. ಹೆದರಿಸುವುದೆಲ್ಲ ಕೊಲ್ಲುವುದಿಲ್ಲ

"ನಿಮ್ಮ ಮನೇಲಿ ಯಾವ ಹುಳಹುಪ್ಪಟೆ ಕಾಟ ಜಾಸ್ತಿ?" ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: ಜೇಡ, ಹಲ್ಲಿ, ಜಿರಳೆ, ಜರಿ. ಆ ಮಾತಾಡುತ್ತಿರುವಾಗಲೇ ಪಕ್ಕದ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿರುತ್ತವೆ. ಅಟ್ಟದ ಮೇಲೆ ಇಲಿ ಓಡಾಡುತ್ತಿರುತ್ತದೆ. ಗೂಡಿನಲ್ಲಿ ಉಪ್ಪು, ಹುಣಸೆಹಣ್ಣಿನ ಡಬ್ಬಿಗಳ ಸಾಲಿನಲ್ಲೇ ಬೆಳೆಗೆ ಹೊಡೆಯುವ ಔಷಧಿಯ ಬಾಟಲಿ ಕೂತಿರುತ್ತದೆ. ಇವು ಮೂರೂ ಯಾರ ಪಟ್ಟಿಯಲ್ಲೂ ಬರುವುದಿಲ್ಲ.

ಕಾಲು ಜಾಸ್ತಿ ಇದ್ದರೆ, ಮೈಮೇಲೆ ರೋಮವಿದ್ದರೆ, ತಟ್ಟನೆ ಓಡಿದರೆ ನಮಗೆ ಭಯ. ದಿನವೂ ಕಾಣುವುದರ ಬಗ್ಗೆ ಸಲುಗೆ. ಮನೆಯೊಳಗಿನ ಜೀವಿಗಳ ಜೊತೆ ಬದುಕುವುದೆಂದರೆ ಮೊದಲು ಭಯದ ಪಟ್ಟಿ, ಅಪಾಯದ ಪಟ್ಟಿ ಎರಡನ್ನೂ ಬೇರೆ ಮಾಡಿಕೊಳ್ಳುವುದು. ಮುಂದಿನ ಪಾಠಗಳೆಲ್ಲ ಇದರಿಂದಲೇ ಹುಟ್ಟಿದವು.

2. ಬಲೆ ಗುಡಿಸಿ, ಜೇಡವನ್ನು ಬಿಡಿ

ನಮ್ಮ ಕಡೆಯ ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಜೇಡಗಳು ಕಾಣುತ್ತವೆ. ಮೂಲೆಯಲ್ಲಿ ನೂಲಿನಂಥ ಉದ್ದ ಕಾಲು ಚಾಚಿ ತಲೆಕೆಳಗಾಗಿ ನೇತಾಡುವ ಬಡಕಲು ಜೇಡ ಒಂದು. ಮುಟ್ಟಿದರೆ ಇಡೀ ಮೈಯನ್ನು ಗರಗರ ಅಲುಗಾಡಿಸುತ್ತದೆ. ಬಲೆ ಬಿಟ್ಟು ಬರುವುದು ಅಪರೂಪ, ಸೊಳ್ಳೆ ನೊಣ ಬಿದ್ದರೆ ಅದರ ಊಟ. ಎರಡನೆಯದು ಅಂಗೈಯಗಲದ ಕಂದು ಜೇಡ. ಬಲೆ ಕಟ್ಟುವುದೇ ಇಲ್ಲ, ರಾತ್ರಿ ಗೋಡೆಯ ಮೇಲೆ ಓಡಾಡಿ ಜಿರಳೆ ಹಿಡಿಯುತ್ತದೆ. ಅದರ ಹೊಟ್ಟೆಯಡಿ ದುಂಡನೆಯ ಬಿಳಿ ಬಿಲ್ಲೆ ಕಂಡರೆ ಅದು ಮೊಟ್ಟೆಚೀಲ, ತಾಯಿ ಹೊತ್ತುಕೊಂಡೇ ತಿರುಗುತ್ತಾಳೆ. ಮೂರನೆಯದು ಕಿಟಕಿಯ ಬಳಿ ಹಾರಿ ಹಾರಿ ನೊಣ ಹಿಡಿಯುವ ಪುಟ್ಟ ಜೇಡ. ನೀವು ಬೆರಳು ಆಡಿಸಿದರೆ ಅದು ತಿರುಗಿ ನಿಮ್ಮನ್ನೇ ನೋಡುತ್ತದೆ.

ಮನೆಯೊಳಗೆ ದಿನವೂ ಕಾಣುವ ಈ ಮೂರರಲ್ಲಿ ಯಾವುದೂ ಮನುಷ್ಯನ ಜೀವ ತೆಗೆಯುವಂಥದ್ದಲ್ಲ. ಜಗತ್ತಿನಲ್ಲಿ ಗುರುತಿಸಿರುವ ಜೇಡಗಳು 50,000ಕ್ಕೂ ಹೆಚ್ಚು ಬಗೆ. ಎಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆ ತಿನ್ನುತ್ತವೆಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಬಹುಪಾಲು ಕೀಟಗಳೇ.

ದೂಳು ಹಿಡಿದು ಕಪ್ಪಾದ ಬಲೆಯಲ್ಲಿ ಜೇಡ ಇರುವುದಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗ ಅದನ್ನು ತೆಗೆಯಿರಿ, ಒಲೆಯ ಮೇಲೆ, ತೊಟ್ಟಿಲ ಮೇಲೆ ಇರುವುದನ್ನಂತೂ ವಾರವಾರವೂ ತೆಗೆಯಿರಿ. ಜೀವಂತ ಜೇಡ ಕಂಡರೆ ಲೋಟ ಕವುಚಿ, ಅಡಿಯಲ್ಲಿ ಒಂದು ರಟ್ಟು ತೂರಿಸಿ ಹಿತ್ತಲಿಗೆ ಬಿಟ್ಟರಾಯಿತು.

ಹೊಲದ ಬದುವಿನ ಬಳ್ಳಾರಿ ಜಾಲಿಯಲ್ಲಿ ಬೂದು ಬಣ್ಣದ ಗಂಟುಗಂಟು ಬಲೆ ನೋಡಿ, "ಇದೇನು ಸಾ, ರೋಗವಾ?" ಎಂದು ಕೇಳಿದವರಿದ್ದಾರೆ. ಅದು ಗುಂಪಾಗಿ ಬದುಕುವ ಜೇಡಗಳ ಊರು. ಹತ್ತಾರು, ಕೆಲವೊಮ್ಮೆ ನೂರಾರು ಜೇಡಗಳು ಒಂದೇ ಗೂಡಿನಲ್ಲಿದ್ದು ಒಟ್ಟಿಗೆ ಬೇಟೆಯಾಡುತ್ತವೆ, ಮರಿಗಳು ಕಡೆಗೆ ತಾಯಿಯನ್ನೇ ತಿಂದು ಬೆಳೆಯುತ್ತವೆ. ಬೇಲಿಗೆ ಅದರಿಂದ ತೊಂದರೆಯಿಲ್ಲ. ಸುಡಬೇಡಿ.

3. "ಜೇಡ ಉಚ್ಚೆ ಹೊಯ್ದಿದೆ" ಎಂದಾಗ ಜೇಡವನ್ನು ಹುಡುಕಬೇಡಿ

ಮಳೆಗಾಲದ ಕೊನೆಯಲ್ಲಿ ಕುತ್ತಿಗೆಯ ಮೇಲೋ ಕಣ್ಣಿನ ಪಕ್ಕದಲ್ಲೋ ಬೆಂಕಿ ಸವರಿದಂಥ ಕೆಂಪು ಗೆರೆ ಏಳುತ್ತದೆ, ಆಮೇಲೆ ನೀರುಗುಳ್ಳೆ. ಊರಿನಲ್ಲಿ ಇದಕ್ಕೆ ಜೇಡವನ್ನೋ ಹಲ್ಲಿಯನ್ನೋ ಬೈಯುತ್ತಾರೆ. ಕೆಲಸ ಮಾಡಿದ್ದು ಮಾತ್ರ ಬೇರೆಯದೇ ಹುಳ: ಇರುವೆಗಿಂತ ಸ್ವಲ್ಪ ಉದ್ದ, ಕಿತ್ತಳೆ ಮತ್ತು ಕಪ್ಪು ಪಟ್ಟೆಯ ಒಂದು ದುಂಬಿ. ದೀಪಕ್ಕೆ ಬಂದು ಮೈಮೇಲೆ ಕೂರುತ್ತದೆ. ಅದು ಕಚ್ಚುವುದಿಲ್ಲ. ನಿದ್ದೆಗಣ್ಣಿನಲ್ಲಿ ನಾವು ಅದನ್ನು ಉಜ್ಜಿ ಹಾಕಿದಾಗ ಅದರ ಮೈಯೊಳಗಿನ ರಸ ಚರ್ಮವನ್ನು ಸುಡುತ್ತದೆ. ಉಜ್ಜಿದ ದಿಕ್ಕಿನಲ್ಲೇ ಗೆರೆ ಮೂಡುವುದು ಅದಕ್ಕೇ. ಗುಳ್ಳೆ ಏಳಲು ಒಂದೆರಡು ದಿನ ಹಿಡಿಯುವುದರಿಂದ ಅಷ್ಟರಲ್ಲಿ ಹುಳ ಮರೆತುಹೋಗಿರುತ್ತದೆ, ಮೂಲೆಯ ಜೇಡ ಕಣ್ಣಿಗೆ ಬೀಳುತ್ತದೆ.

ಹುಳವನ್ನು ಊದಿ ಹಾರಿಸಿ, ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಕಣ್ಣು ಉಜ್ಜಬೇಡಿ. ಮೈಯ ಒಂದೇ ಪಕ್ಕದಲ್ಲಿ ಉರಿ, ನೋವಿನ ಜೊತೆ ಗುಳ್ಳೆಗಳ ಪಟ್ಟಿ ಎದ್ದರೆ ಅದು ಸರ್ಪಸುತ್ತು ಇರಬಹುದು. ಅದು ವೈರಸ್ಸಿನ ಕಾಯಿಲೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಗುಣ ಹೆಚ್ಚು. ಮಂತ್ರ ಹಾಕಿಸಿ, ಕಾವಿ ಬರೆಸಿಕೊಂಡು ಕೂತರೆ ಆ ಮೂರು ದಿನ ಕಳೆದೇ ಹೋಗುತ್ತವೆ.

4. ನೀರು ಕಮ್ಮಿ ಇರುವ ಊರಿನಲ್ಲೇ ಸೊಳ್ಳೆ ಜಾಸ್ತಿ

ಬಯಲುಸೀಮೆಯಲ್ಲಿ ಮಳೆ ಕಡಿಮೆ, ಸೊಳ್ಳೆಯೂ ಕಡಿಮೆ ಇರಬೇಕೆಂದು ಹೊರಗಿನವರು ಅಂದುಕೊಳ್ಳುತ್ತಾರೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಸೊಳ್ಳೆಯ ವಿಷಯದಲ್ಲಿ ಇದು ತಲೆಕೆಳಗು. ಆ ಸೊಳ್ಳೆಗೆ ಚರಂಡಿ ಬೇಡ, ಶೇಖರಿಸಿಟ್ಟ ಶುದ್ಧ ನೀರು ಬೇಕು. ನಲ್ಲಿಯಲ್ಲಿ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲದ ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಮನೆಗೆ ಎರಡು ಡ್ರಮ್ಮು, ಒಂದು ಸಿಮೆಂಟಿನ ತೊಟ್ಟಿ, ಮೇಲೊಂದು ಸಿಂಟೆಕ್ಸು, ಬಚ್ಚಲ ಹಂಡೆ. ನೀರಿನ ಬರ ಜಾಸ್ತಿಯಾದಷ್ಟೂ ಪಾತ್ರೆಗಳು ಜಾಸ್ತಿ. 2006ರಲ್ಲಿ ಚಿಕೂನ್‌ಗುನ್ಯ ಬಂದು ಕರ್ನಾಟಕದಲ್ಲಿ ಏಳೂವರೆ ಲಕ್ಷ ಶಂಕಿತ ರೋಗಿಗಳು ದಾಖಲಾದಾಗ ನಮ್ಮ ಬಯಲುಸೀಮೆಯ ಊರುಗಳು ಕೀಲು ಹಿಡಿದು ಮಲಗಿದ್ದವು. ಕಡ್ಲೆಕಾಯಿ ಕೀಳುವುದಕ್ಕೆ ಆಳು ಸಿಗದ ಊರುಗಳಿದ್ದವು.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಸೆಕೆಗೆ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ, ಗೊತ್ತಾದ ಒಂದು ದಿನ, ಎಲ್ಲ ಪಾತ್ರೆ ಬರಿದಾಗಬೇಕು. ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ತೆಂಗಿನ ನಾರಿನಿಂದ ಗಸಗಸ ಉಜ್ಜಿ ತೊಳೆದರೇ ಅವು ಹೋಗುವುದು. "ಅಷ್ಟು ನೀರು ಎಲ್ಲಿಂದ ತರಾಣ ಸಾ?" ಎಂದು ಹೆಣ್ಣುಮಕ್ಕಳು ಕೇಳುವುದು ನ್ಯಾಯವೇ. ತೊಟ್ಟಿ ತಳ ಕಾಣುವ ದಿನವೇ, ಹೊಸ ನೀರು ಬಿಡುವ ಮೊದಲು ಉಜ್ಜಿ. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿದು ಕಟ್ಟಿ. ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ, ಬಾವಿಗೆ ಗಪ್ಪಿ ಮೀನು ಬಿಡಿ. 1990ರ ದಶಕದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರ ಸುತ್ತಲ ಹಳ್ಳಿಗಳಲ್ಲಿ ಬಾವಿಗಳಿಗೆ ಮೀನು ಬಿಟ್ಟೇ ಮಲೇರಿಯಾ ಇಳಿಸಿದ್ದರು.

ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಮಧ್ಯಾಹ್ನ ಮಲಗಿಸುವ ಕೂಸಿಗೂ ಪರದೆ ಬೇಕು.

5. ಮೊದಲ ಮಳೆಯ ರಾತ್ರಿ ದೀಪ ಆರಿಸಿ

ಹದ ಮಳೆ ಬಿದ್ದ ಸಂಜೆ ಬೀದಿದೀಪದ ಸುತ್ತ ಎರಡು ಬಗೆಯ ಹುಳ ಮುತ್ತುತ್ತವೆ. ಒಂದು ಈಚಲು, ಅಂದರೆ ರೆಕ್ಕೆ ಬಂದ ಗೆದ್ದಲು. ನಮ್ಮ ಹಿರಿಯರು ಹಿಡಿದು ಹುರಿದು ತಿನ್ನುತ್ತಿದ್ದದ್ದು. ಮನೆಯ ದೀಪ ಅರ್ಧ ಗಂಟೆ ಆರಿಸಿದರೆ ಅದರ ಕಾಟ ಮುಗಿಯುತ್ತದೆ.

ಇನ್ನೊಂದು ಬಿಳಿ ರೆಕ್ಕೆಯ ಪತಂಗ, ಅದರ ಸಂತಾನವೇ ಕೆಂಪು ಕಂಬಳಿಹುಳು. ಪಾವಗಡ, ಮಧುಗಿರಿ, ಶಿರಾದ ಕಡ್ಲೆಕಾಯಿ ಹೊಲಗಳಿಗೆ ಇದು ಹಳೆಯ ಶತ್ರು. ಬೇಸಿಗೆಯುದ್ದಕ್ಕೂ ಕೋಶವಾಗಿ ಮಣ್ಣೊಳಗೆ ಮಲಗಿದ್ದು, ಮೊದಲ ಜೋರು ಮಳೆಗೆ ಪತಂಗವಾಗಿ ಹೊರಬರುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮೈತುಂಬ ರೋಮ ಬಂದ ಹುಳು ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಸಾಲಾಗಿ ನಡೆಯುವಾಗ ದಾರಿಯಲ್ಲಿ ಸಿಕ್ಕ ಮನೆಯ ಗೋಡೆ, ಹಾಸಿಗೆ, ನೀರಿನ ಕೊಡ ಯಾವುದನ್ನೂ ಬಿಡುವುದಿಲ್ಲ. ಅಷ್ಟು ಬೆಳೆದ ಮೇಲೆ ಔಷಧಿ ಹೊಡೆದರೂ ಸುಲಭಕ್ಕೆ ಸಾಯುವುದಿಲ್ಲ. ಅದನ್ನು ತಡೆಯುವ ಕಾಲ ಪತಂಗ ಹಾರುವ ಆ ಕೆಲವು ರಾತ್ರಿಗಳು ಮಾತ್ರ. ಸಂಜೆ 7ರಿಂದ 11ರವರೆಗೆ ಬದುಗಳ ಮೇಲೆ ಬೆಂಕಿ ಹಾಕಬೇಕು, ಇಲ್ಲವೇ ದೀಪದ ಕೆಳಗೆ ಸೀಮೆಎಣ್ಣೆ ಬೆರೆತ ನೀರಿನ ತಟ್ಟೆ ಇಡಬೇಕು. ಒಬ್ಬ ಮಾಡಿದರೆ ಪಕ್ಕದ ಹೊಲದ ಪತಂಗಗಳನ್ನೂ ಕರೆದಂತಾಗುತ್ತದೆ, ಊರೆಲ್ಲ ಒಂದೇ ರಾತ್ರಿ ಮಾಡಿದರೆ ಫಲ. ಬೇಸಿಗೆ ಉಳುಮೆಯಲ್ಲಿ ಮೇಲೆ ಬಂದ ಕೋಶಗಳನ್ನು ಹಕ್ಕಿಗಳೇ ಹೆಕ್ಕಿ ಮುಗಿಸುತ್ತವೆ.

ಮನೆ ಮುಂದಿನ ನುಗ್ಗೆ ಮರದ ಕಾಂಡದಲ್ಲಿ ಗುಂಪುಗಟ್ಟುವ ಕಂಬಳಿಹುಳು ಬೇರೆ ಜಾತಿಯದು, ಅದರ ತುರಿಕೆ ಜೋರು. ಮೈಗೆ ತಾಗಿದರೆ ಉಜ್ಜಬೇಡಿ. ಅಂಟುಪಟ್ಟಿ ಒತ್ತಿ ಕಿತ್ತರೆ ರೋಮ ಅದರ ಜೊತೆ ಬರುತ್ತದೆ, ಆಮೇಲೆ ಸೋಪು ಹಚ್ಚಿ ತೊಳೆಯಿರಿ.

6. ಹುಳು ಹೊಲದಿಂದಲೇ ಮನೆಗೆ ಬರುತ್ತದೆ

ರಾಗಿಯನ್ನು ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಹುಳು ಹಿಡಿಯುತ್ತಿರಲಿಲ್ಲ. ಕಾಳು ಸಣ್ಣದು, ಒಳಗೆ ಕೊರೆದು ಕೂರಲು ಹುಳುವಿಗೆ ಜಾಗವಿಲ್ಲ. ತೊಗರಿ, ಅವರೆ, ಹುರುಳಿ, ಅಲಸಂದೆಯ ಪಾಡು ಹಾಗಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ಕಾಳುದುಂಬಿ ಅದರ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಡಬ್ಬಿಯಲ್ಲಿ ಹುಳು "ಹುಟ್ಟಿತು" ಎಂದು ಡಬ್ಬಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಮೂರು. ತುಂಬುವ ಮೊದಲು ಕಾಳು ಹಲ್ಲಿಗೆ ಕಟಕ್ಕೆನ್ನುವಂತೆ ಒಣಗಿಸಬೇಕು. ತಿನ್ನುವ ಬೇಳೆಕಾಳಿಗೆ ಕೆಜಿಗೆ ಒಂದು ಚಿಕ್ಕ ಚಮಚದಷ್ಟು ಹರಳೆಣ್ಣೆ ಸವರಬೇಕು, ಎಣ್ಣೆ ಕೂತ ಕಾಳಿನ ಮೇಲೆ ಇಟ್ಟ ಮೊಟ್ಟೆ ಉಳಿಯುವುದಿಲ್ಲ. ಬಿತ್ತನೆ ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಬೇಕು. ಈ ಮೂರನ್ನೂ ಶಿರಾ ಕಡೆಯ ಅಜ್ಜಿಯರು ನನಗಿಂತ ಚೆನ್ನಾಗಿ ಬಲ್ಲರು.

ಅವರಲ್ಲೂ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಹುಣಸೆಹಣ್ಣಿನ ಬೀಜ ಕೊರೆಯುವ ದುಂಬಿ ಮತ್ತು ಸಿಪ್ಪೆ ಸಹಿತ ಇಟ್ಟ ಕಡ್ಲೆಕಾಯಿಯನ್ನು ತೂತು ಮಾಡುವ ದುಂಬಿ ಒಂದೇ. ನಮ್ಮ ಕಡೆ ಹೊಲದ ಬದುವಿನಲ್ಲಿ ಹುಣಸೆ, ಹೊಲದಲ್ಲಿ ಕಡ್ಲೆಕಾಯಿ, ಎರಡೂ ಒಂದೇ ಕೋಣೆಗೆ ಬರುತ್ತವೆ. ಹುಣಸೆ ಬೀಜ ಬಿಡಿಸಿ ಕೂಡಲೇ ಮನೆಯಿಂದ ಹೊರಗೆ ಸಾಗಿಸಿ. ಹಳೆ ಹುಣಸೆ ಇರುವ ಕೋಣೆಯಲ್ಲಿ ಹೊಸ ಕಡ್ಲೆಕಾಯಿ ಚೀಲ ಒಟ್ಟಬೇಡಿ.

7. ಔಷಧಿ ಹೊಡೆಯದೆ ಬದುಕುವುದನ್ನು ರೇಷ್ಮೆ ಮನೆಯಿಂದ ಕಲಿಯಿರಿ

ಮಧುಗಿರಿ, ಕೊರಟಗೆರೆ, ಶಿರಾದಲ್ಲಿ ಹುಳು ಸಾಕುವ ಮನೆಗಳನ್ನು ನೋಡುವುದು ನನಗೆ ಪಾಠಶಾಲೆಯಿದ್ದಂತೆ. ರೇಷ್ಮೆ ಹುಳು ಇರುವ ಕಡೆ ಸೊಳ್ಳೆ ಬತ್ತಿಯ ಹೊಗೆಯೂ ಆಗದು, ಜಿರಳೆ ಸ್ಪ್ರೇಯೂ ಆಗದು, ಹುಳು ಸತ್ತುಹೋಗುತ್ತದೆ. ಇರುವೆ, ಹಲ್ಲಿ, ಇಲಿಗಳಿಗೆ ಮಾತ್ರ ಆ ಹುಳು ಹಬ್ಬದೂಟ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಬಂದಮೇಲೆ ಕಷ್ಟ ಇಮ್ಮಡಿಯಾಯಿತು. ಆ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಹೊಕ್ಕು ತಿನ್ನುತ್ತದೆ.

ಆ ರೈತರು ಮಾಡಿಕೊಂಡ ದಾರಿ ನೋಡಿ. ಕಿಟಕಿ ಬಾಗಿಲಿಗೆ ಜಾಲರಿ. ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಇರುವೆ ದಾಟಲಾರದು. ಬಾಗಿಲ ಬಳಿ ಸುಣ್ಣದ ಪುಡಿ. ತಿಂದುಳಿದ ಎಲೆ, ಹಿಕ್ಕೆ ಕೂಡಲೇ ಹೊರಗೆ. ಗೋಡೆಯ ಬಿರುಕಿಗೆ ಸಿಮೆಂಟು. ಒಂದು ಬೆಳೆ ಮುಗಿದರೆ ಇಡೀ ಮನೆ ತೊಳೆದು ಸೋಂಕು ನಿವಾರಣೆ. ಊಜಿಗೆ ಎದುರಾಗಿ ಅದರ ಕೋಶವನ್ನೇ ತಿನ್ನುವ ಪುಟ್ಟ ಪರತಂತ್ರ ಕಣಜಗಳನ್ನು ರೇಷ್ಮೆ ಸಂಸ್ಥೆಗಳು ಬೆಳೆಸಿ ಕೊಡುತ್ತವೆ. ರೇಷ್ಮೆ ಹುಳುವಿಗಾಗಿ ಇಷ್ಟು ಮಾಡುವ ಮನೆಯವರು ಪಕ್ಕದ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಸೊಳ್ಳೆ ಕಾಯಿಲ್ ಹಚ್ಚುತ್ತಾರೆ! ಒಂದು ಕಾಯಿಲ್ ಪೂರ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಹುಳುವಿಗೆ ಕೊಟ್ಟ ಜಾಲರಿ ಮಕ್ಕಳ ಕೋಣೆಗೂ ಬರಲಿ.

ಜಿರಳೆ, ಇರುವೆ, ತಿಗಣೆಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ರಾತ್ರಿ ತೊಳೆಯದ ಪಾತ್ರೆ ಇರಬಾರದು, ಸಿಂಕು ಒಣಗಿರಬೇಕು. ತಿಗಣೆ ಮಾತ್ರ ಬ್ಯಾಗು, ಹಳೇ ಮಂಚದ ಜೊತೆ ಬರುತ್ತದೆ. ಬಟ್ಟೆಯನ್ನು ಕುದಿನೀರಿಗೆ ಹಾಕಿ, ಮಂಚದ ಸಂದಿಗೂ ಕುದಿನೀರು ಹೊಯ್ಯಿರಿ.

8. ಇಲಿಗೆ ಊಟವಿಟ್ಟವರು ಹಾವಿಗೂ ಇಟ್ಟಂತೆ

ಹಾವು ಮನೆಯೊಳಗೆ ಬಂದಿತೆಂದು ಗಾಬರಿಯಾದ ಮನೆಗಳಲ್ಲಿ ಹುಡುಕಿದರೆ ಸಿಗುವುದು ಒಂದೇ ಕಥೆ. ನಡುಮನೆಯಲ್ಲಿ ಕಡ್ಲೆಕಾಯಿ ಚೀಲ, ಚೀಲದ ಹಿಂದೆ ಇಲಿ, ಗೋಡೆಗೆ ಒತ್ತಿ ಸೌದೆ, ಅದಕ್ಕೆ ಒತ್ತಿ ಹುಲ್ಲಿನ ಬಣವೆ. ಚೀಲಗಳನ್ನು ನೆಲದಿಂದ ಎರಡಡಿ ಎತ್ತರದ ಅಟ್ಟಣೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಬಣವೆ, ಸೌದೆ ಹಿತ್ತಲ ತುದಿಗೆ ಹೋಗಲಿ. ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಹಾಕಿ. ಕೇರೆಹಾವನ್ನು ಹೊಡೆಯಬೇಡಿ, ಅದಕ್ಕೆ ವಿಷವಿಲ್ಲ, ಇಲಿ ಹಿಡಿಯುತ್ತದೆ.

ಎಚ್ಚರ ಬೇಕಾದದ್ದು ನಾಲ್ಕರ ಬಗ್ಗೆ: ನಾಗರ, ಕೊಳಕುಮಂಡಲ, ಕಟ್ಟುಹಾವು, ಮತ್ತು ಪಾವಗಡದಂಥ ಕಲ್ಲುನೆಲದಲ್ಲಿ ಕಾಣುವ ಗಿಡ್ಡ ಗರಗಸ ಮಂಡಲ. ಕಟ್ಟುಹಾವು ಬರುವುದು ರಾತ್ರಿ, ಕಚ್ಚುವುದು ನೆಲದ ಮೇಲೆ ಮಲಗಿದವರನ್ನು. ನೋವು ಅಷ್ಟಾಗಿ ಇರುವುದಿಲ್ಲ, ಗಾಯವೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು ಶುರುವಾದರೆ ಆಸ್ಪತ್ರೆಗೆ ಓಡಿ. ಹಾಸಿಗೆಯಡಿ ಅಂಚು ಸಿಕ್ಕಿಸಿದ ಸೊಳ್ಳೆಪರದೆ ಈ ಹಾವನ್ನೂ ತಡೆಯುತ್ತದೆ. ಒಂದೇ ಖರ್ಚಿಗೆ ಎರಡು ರಕ್ಷಣೆ.

ಕಚ್ಚಿದ ಮೇಲೆ ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಬೇರು ಅರೆದು ಕುಡಿಸುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರ ಅಧ್ಯಯನ ಅಂದಾಜು ಮಾಡಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು.

9. ಚೇಳಿನಲ್ಲಿ ಸಣ್ಣದಕ್ಕೇ ಹೆಚ್ಚು ಹೆದರಿ

ಕಲ್ಲೆತ್ತಿದಾಗ ಸಿಗುವ ದಪ್ಪ ಇಕ್ಕಳದ ಕರಿ ಚೇಳು ನೋಡಿದರೆ ಎದೆ ನಡುಗುತ್ತದೆ. ಅದು ಕುಟುಕಿದರೆ ನೋವು ನಿಜ, ಪ್ರಾಣಾಪಾಯ ಅಪರೂಪ. ಮಕ್ಕಳ ಪ್ರಾಣಕ್ಕೆ ಬರುವುದು ಬೆರಳುದ್ದದ ಕೆಂಪು ಚೇಳು. ಚಪ್ಪಡಿಯ ಸಂದು, ಹೆಂಚಿನಡಿ, ಒಣಹಾಕಿದ ಬಟ್ಟೆ, ಶಾಲೆಯ ಬೂಟು ಅದರ ಜಾಗಗಳು. ಕುಟುಕಿದ ಮೇಲೆ ಮೈ ಬೆವರಿ, ವಾಂತಿಯಾಗಿ, ಕೈಕಾಲು ತಣ್ಣಗಾದರೆ ವಿಷ ಹೃದಯಕ್ಕೆ ತೊಂದರೆ ಕೊಡುತ್ತಿದೆ ಎಂದೇ ತಿಳಿಯಬೇಕು.

ಇದಕ್ಕೆ ಮದ್ದು ಕಂಡುಕೊಂಡವರು ದೊಡ್ಡ ಊರಿನವರಲ್ಲ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಪಟ್ಟಣದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ರಕ್ತದೊತ್ತಡದ ಮಾತ್ರೆ ಪ್ರಾಜೋಸಿನ್ ಕೊಟ್ಟು ಕೆಂಪು ಚೇಳಿನ ರೋಗಿಗಳನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಂತ್ರವಾದಿಯ ಬಳಿ ಕಳೆಯುವ ಎರಡು ಗಂಟೆ ಆ ಮಾತ್ರೆಯಿಂದ ಮಗುವನ್ನು ದೂರ ಇಡುತ್ತದೆ.

ನೇರಳಾತೀತ ಬೆಳಕಿನ ಸಣ್ಣ ಟಾರ್ಚು ಈಗ ಪೇಟೆಯಲ್ಲಿ ಸಿಗುತ್ತದೆ. ಕತ್ತಲಲ್ಲಿ ಅದನ್ನು ಬಿಟ್ಟರೆ ಚೇಳು ಹಸಿರಾಗಿ ಹೊಳೆಯುತ್ತದೆ. ಕಲ್ಲಿನ ಮನೆಯವರಿಗೆ ಅದು ದುಡ್ಡಿಗೆ ತಕ್ಕ ವಸ್ತು.

10. ಗೆದ್ದಲಿಗೆ ಕಣ್ಣು ಬೇಕು, ಹೆಜ್ಜೇನಿಗೆ ತಾಳ್ಮೆ ಬೇಕು

ಗೆದ್ದಲು ಬಯಲಿನಲ್ಲಿ ನಡೆಯುವುದಿಲ್ಲ, ಮಣ್ಣಿನ ಸುರಂಗ ಕಟ್ಟಿಕೊಂಡೇ ಏರುತ್ತದೆ. ತಿಂಗಳಿಗೊಮ್ಮೆ ತಳಪಾಯದ ಸುತ್ತ, ಬಾಗಿಲ ಚೌಕಟ್ಟಿನ ಬುಡ, ತೊಲೆ ಗೋಡೆ ಕೂಡುವ ಜಾಗ ನೋಡಿ. ಸುರಂಗ ಕಂಡರೆ ಕೆರೆದು ಹಾಕಿ. ಮತ್ತೆ ಅಲ್ಲೇ ಕಟ್ಟಿದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ, ಆಗ ತಿಳಿದವರನ್ನು ಕರೆಯಿರಿ. ಹೊಸ ಮನೆ ಕಟ್ಟುವವರು ತಳಪಾಯದ ಹಂತದಲ್ಲೇ ಗೆದ್ದಲು ನಿರೋಧ ಮಾಡಿಸುವುದು ಅಗ್ಗ.

ಮಧುಗಿರಿಯ ಏಕಶಿಲಾ ಬೆಟ್ಟದಂಥ ಬಂಡೆಯಲ್ಲಿ, ಊರಿನ ನೀರಿನ ಟ್ಯಾಂಕಿನಡಿಯಲ್ಲಿ ಹೆಜ್ಜೇನು ಕಟ್ಟುವುದುಂಟು. ಹೆಜ್ಜೇನು ವಲಸೆ ಹೋಗುವ ನೊಣ, ಕೆಲವು ತಿಂಗಳಾದ ಮೇಲೆ ತಾನೇ ಜಾಗ ಬಿಡುತ್ತದೆ. ಹೊಗೆ, ಪಟಾಕಿ, ಕಲ್ಲೆಸೆತ ಅದನ್ನು ಕೆಣಕುತ್ತವೆ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮುಚ್ಚಿದ ಕೋಣೆ ಸೇರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಆಸ್ಪತ್ರೆಗೆ ಹೋಗಲು ಒಂದು ನಿಮಿಷವೂ ಕಾಯಬೇಡಿ.

11. ಮನೆಯಲ್ಲಿರುವ ಅತ್ಯಂತ ಅಪಾಯದ ವಸ್ತುವಿಗೆ ಕಾಲೂ ಇಲ್ಲ, ಕೊಂಡಿಯೂ ಇಲ್ಲ

ಹುಳು ಕೊಲ್ಲಲು ತಂದದ್ದೇ ಮನುಷ್ಯರನ್ನು ಕೊಂದದ್ದು ನಮ್ಮ ಆಸ್ಪತ್ರೆಗಳಿಗೆ ಹೊಸ ಸುದ್ದಿಯಲ್ಲ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ವಿಷಾನಿಲ ಬಿಡುತ್ತದೆ. ಮನುಷ್ಯರು ಮಲಗುವ ಮನೆಯಲ್ಲಿ ಅದನ್ನು ಇಡಲೇಬಾರದು, ಅದಕ್ಕೆ ಪ್ರತಿವಿಷವಿಲ್ಲ. ಹಳದಿ ರಂಜಕ ಇರುವ ಇಲಿ ಪೇಸ್ಟಿಗೂ ಪ್ರತಿವಿಷವಿಲ್ಲ. ತಿಂದವರು ಮೊದಲೆರಡು ದಿನ ಚೆನ್ನಾಗೇ ಇದ್ದಂತೆ ಕಾಣುತ್ತಾರೆ, ಆಮೇಲೆ ಅವರ ಯಕೃತ್ತು ಸೋತು ಹೋಗುತ್ತದೆ. ಇಲಿಗೆ ಬೋನು ಸಾಕು.

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತಿರುತ್ತದೆ, ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪಾದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಗುರುತಿನದು ಮನೆಯ ಸೂರಿನಡಿ ಇರಕೂಡದು. ಉಳಿದ ಔಷಧಿಯನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ರೂಢಿಯನ್ನು ಇವತ್ತೇ ನಿಲ್ಲಿಸಿ. 1997ರಲ್ಲಿ ನಿಷೇಧವಾದ ಬಿಎಚ್‌ಸಿ, 2011ರಲ್ಲಿ ನಿಷೇಧವಾದ ಎಂಡೋಸಲ್ಫಾನ್ ಡಬ್ಬಿಗಳು ಹಳೇ ಅಟ್ಟಗಳಲ್ಲಿ ಇನ್ನೂ ಇರಬಹುದು. ಕಂಡರೆ ಬಾವಿಗೋ ಕೆರೆಗೋ ಎಸೆಯದೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗೋಡೆಗೆ ಗೀಚುವ ಲಕ್ಷ್ಮಣರೇಖೆಯ ಚಾಕೂ ವಿಷವೇ, ಬಳಪದ ಪಕ್ಕ ಇಡುವ ವಸ್ತುವಲ್ಲ.

ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಎನ್ನುವವರಿಗೆ ಎರಡೇ ಕೆಲಸ ಹೇಳುತ್ತೇನೆ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ ನೀರಿನ ಪಾತ್ರೆಗಳನ್ನು ಉಜ್ಜಿ ತೊಳೆಯಿರಿ. ವಿಷದ ಬಾಟಲಿಯನ್ನು ಮನೆಯಿಂದಾಚೆ, ಬೀಗ ಹಾಕಿದ ಪೆಟ್ಟಿಗೆಗೆ ಸಾಗಿಸಿ. ಇವೆರಡೂ ಆದಮೇಲೆ ಮೂಲೆಯ ಜೇಡದ ಬಗ್ಗೆ ಯೋಚಿಸಲು ಬೇಕಾದಷ್ಟು ಸಮಯವಿದೆ, ಅವಸರವೇನೂ ಇಲ್ಲ.